ಮಾವನ ಗುಂಡಿಗೆ ಸೀಸ ಬೇಕು

ಐರ್ಲೆಂಡಿನ ಸ್ವೋರ್ಡ್ಸ್ ಎಂಬ ಊರಿನ ಬಾಡಿಗೆ ಮನೆಯೊಂದರಲ್ಲಿ ಸೀಸದ ತೀವ್ರ ಅಭಾವ ತಲೆದೋರಿದ್ದು, ಪರಿಸ್ಥಿತಿ ಇನ್ನೂ ಹತೋಟಿಗೆ ಬಂದಿಲ್ಲವೆಂದು ಅಡುಗೆಮನೆಯ ಮೂಲಗಳು ತಿಳಿಸಿವೆ. ಮೂರು ಕೆಜಿ ಸೀಸ ಕೂಡಲೇ ದೊರೆಯದಿದ್ದಲ್ಲಿ ಕುಟುಂಬದ ಹಿರಿಯರೊಬ್ಬರು ವಿಮಾನ ನಿಲ್ದಾಣಕ್ಕೆ ನಡೆದೇ ಹೋಗುವ ಸಂಭವವಿದೆ.

ಆ ವಾರ ಜಗತ್ತಿನಲ್ಲಿ ಬೇರೆ ಸುದ್ದಿಗಳೂ ಇದ್ದವು, ಒಪ್ಪುತ್ತೇನೆ. ಕೊರೋನಾ ಬಂದು ಐರ್ಲೆಂಡಿಗೆ ಐರ್ಲೆಂಡೇ ಬಾಗಿಲು ಹಾಕಿಕೊಂಡಿತ್ತು. ಆದರೆ ನಮ್ಮ ಮನೆಯ ಮುಖಪುಟ ಇದೇ.

ಹಿರಿಯರು ಅಂದರೆ ನನ್ನ ಮಾವ, ಹೆಂಡತಿಯ ತಂದೆ. ಕುಂದಾಪುರ ಕಡೆಯ ನಿವೃತ್ತ ಪೋಸ್ಟ್‌ಮಾಸ್ಟರ್. ಮೂರು ತಿಂಗಳಿಗೆಂದು ಬಂದವರ ವಿಮಾನ ರದ್ದಾಯಿತು. ಬದಲಿಗೆ ಕೊಟ್ಟ ವಿಮಾನವೂ ರದ್ದಾಯಿತು. ಎಪ್ಪತ್ತು ದಾಟಿದವರು ಮನೆಯಿಂದ ಹೊರಗೆ ಕಾಲಿಡಬಾರದೆಂದು ಸರ್ಕಾರ ಹೇಳಿದ ಮರುದಿನ ಮಾವ ಪ್ಯಾಂಟು ಶರ್ಟು ಹಾಕಿ, ಬ್ಯಾಗು ಹಿಡಿದು ಹೊರಟರು. ಏರ್‌ಪೋರ್ಟ್ ನಮ್ಮ ಮನೆಗೆ ಹತ್ತಿರ. "ಹೋಗಿ ಕೂತ್ರೆ ಯಾವ್ದಾದ್ರೂ ಒಂದು ಬರ್ತದೆ" ಎಂಬುದು ಅವರ ವಾದ. ದಿನಾ ಬೆಳಿಗ್ಗೆ ಅವರು ಹೊರಡುವುದು, ನಾನು ಗೇಟಿನ ಬಳಿ ಹಿಡಿಯುವುದು, ಆಮೇಲೆ ಆಫೀಸಿನ ಮೀಟಿಂಗಿಗೆ ಏದುಸಿರು ಬಿಡುತ್ತಾ ಸೇರುವುದು ನಡೆಯಿತು.

ಪರಿಹಾರ ಹೆಂಡತಿಯದು. ಮಾವ ಊರಿನಲ್ಲಿ ಭಾನುವಾರಗಳಂದು ಹೊಳೆಯಲ್ಲಿ ಬೀಸುಬಲೆ ಬೀಸುವವರು. ಬಲೆಯನ್ನು ತಾವೇ ಹೆಣೆಯುವವರು. ನೈಲಾನ್ ದಾರ ತರಿಸಿಕೊಟ್ಟಳು. ಬಲೆ ಹೆಣೆಯುವಷ್ಟು ದಿನ ಮಾವ ಕೂತಲ್ಲೇ ಕೂತರು. ನಮ್ಮ ದುರದೃಷ್ಟಕ್ಕೆ ಅವರ ಕೈ ಚುರುಕು, ಬಲೆ ಮುಗಿಯಿತು. ಇನ್ನು ಅಂಚಿನ ಸುತ್ತ ಸೀಸದ ಗುಂಡುಗಳನ್ನು ಕಟ್ಟಬೇಕು. ಗುಂಡಿಲ್ಲದ ಬೀಸುಬಲೆ ಸೊಳ್ಳೆಪರದೆಗೆ ಸಮ. ಮೀನು ಹಿಡಿಯುವ ಸಾಮಾನಿನ ಅಂಗಡಿ ಮುಚ್ಚಿತ್ತು. ಆನ್‌ಲೈನ್ ಬೆಲೆ ಕೇಳಿ ಮಾವ, "ಇದು ಸೀಸವಾ, ಬೆಳ್ಳಿಯಾ?" ಎಂದರು. ಎಲ್ಲಿಂದಾದರೂ ಗುಜರಿ ಸೀಸ ತಂದರೆ ಕರಗಿಸಿ ತಾವೇ ಗುಂಡು ಹೊಯ್ಯುವುದಾಗಿ ಹೇಳಿ, ಅದು ಸಿಗುವವರೆಗೆ ಬಲೆ ಹಾಗೇ ಇರಲಿ ಎಂದು ಮತ್ತೆ ಬ್ಯಾಗು ಕೈಗೆತ್ತಿಕೊಂಡರು.

"ರೀ, ಸೀಸ ತನ್ನಿ. ಇಲ್ಲ ಅಂದ್ರೆ ಅಪ್ಪನ ಹಿಂದೆ ನೀವೇ ಓಡಿ" ಎಂದಳು ಹೆಂಡತಿ.

ನಾನು ಒಂದು ಕೇಳಿದರೆ ಲೋಕ ಇನ್ನೊಂದು ಕೊಡುವುದು ನನ್ನ ಬದುಕಿನಲ್ಲಿ ಹಿಂದಿನಿಂದಲೂ ನಡೆದುಕೊಂಡು ಬಂದ ಪದ್ಧತಿ. ಈ ಸಲವೂ ಅದಕ್ಕೆ ಚ್ಯುತಿ ಬರಲಿಲ್ಲ.

೧. ವಾಟ್ಸಾಪ್

ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದೆ: "ಮಾವನ ಗುಂಡಿಗೆ ಸೀಸ ಬೇಕು, ಅರ್ಜೆಂಟ್." ನಾವೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು. ಓದುವವರು ಮೊದಲೆರಡು ಪದ ಓದಿ ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ.

ಎರಡು ನಿಮಿಷದಲ್ಲಿ ಲಿಮೆರಿಕ್ ಆಸ್ಪತ್ರೆಯಲ್ಲಿ ಕೆಲಸ ಮಾಡುವ, ಗುಂಪಿನ ಅಕ್ಕ ಒಬ್ಬರ ಫೋನು ಬಂತು.

"ನೋವು ಯಾವಾಗಿಂದ? ಎಡಗೈ ಜೋಮು ಹಿಡಿದಿದ್ಯಾ?"

"ಇಲ್ಲ ಅಕ್ಕ, ನೋವೇನಿಲ್ಲ. ನಾನು ಹೇಳಿದ್ದು ಗುಂಡಿಗೆ ಅಲ್ಲ, ಗುಂಡಿಗೆ."

"ನಾನೂ ಅದನ್ನೇ ಕೇಳ್ತಿರೋದು. ಗುಂಡಿಗೆ."

"ಗುಂಡು ಅಕ್ಕ, ಗುಂಡು. ಗುಂಡು ಪ್ಲಸ್ ಇಗೆ."

ಅಕ್ಕ, "ನಿನಗೆ ಜ್ವರ ಇದ್ಯಾ?" ಎಂದು ಕೇಳಿದರು.

ಗುಂಡು ಎಂದು ಸರಿಯಾಗಿ ಓದಿದವನೂ ಒಬ್ಬನಿದ್ದ. ಬ್ಲಾಂಚರ್ಡ್ಸ್‌ಟೌನ್‌ನಿಂದ ದಿನಾ ಏರ್‌ಪೋರ್ಟ್ ಕೆಲಸಕ್ಕೆ ಬರುವ ಗೆಳೆಯ. ಸಂಜೆ ಗೇಟಿನ ಬಳಿ ಕಾರು ನಿಲ್ಲಿಸಿ, ಕಂದು ಕಾಗದದಲ್ಲಿ ಸುತ್ತಿದ್ದೊಂದನ್ನು ಇಟ್ಟು, ಆರಡಿ ದೂರದಿಂದಲೇ ಭಾವುಕನಾಗಿ ಹೇಳಿದ: "ಪಬ್ಬೆಲ್ಲ ಬಂದ್ ಆಗಿದೆ. ಮಾವನಿಗೆ ಗುಂಡಿಗೆ ಕಷ್ಟ ಆಗ್ತಿದೆ ಅಂತ ಗ್ರೂಪಲ್ಲಿ ಹೇಳ್ಕೊಳ್ಳೋಕೂ ಧೈರ್ಯ ಬೇಕು ಮಗಾ. ಪೂರ್ತಿ ಸೀಸೆ ತಂದಿದ್ದೀನಿ."

ಸೀಸ ಬರಲಿಲ್ಲ, ಸೀಸೆ ಬಂತು. ಮಾವ ಅದನ್ನು ತಿರುಗಿಸಿ ನೋಡಿ, ಬ್ಯಾಗು ಕೆಳಗಿಟ್ಟು, "ಸೋಡಾ ಉಂಟಾ?" ಎಂದರು.

೨. ಗೋಡೆಯಾಚೆ

ಕನ್ನಡದ ಸಹವಾಸ ಬೇಡವೆಂದು ಮರುದಿನ ಇಂಗ್ಲಿಷಿಗೆ ಹೋದೆ. ಪಕ್ಕದ ಮನೆಯ ಐರಿಷ್ ಅಜ್ಜಿ ಒಂದೂ ಹಳೇ ಸಾಮಾನು ಎಸೆಯದವರು. ಹಿತ್ತಲ ಗೋಡೆಯಾಚೆ ಅವರು, ಈಚೆ ನಾನು.

"ನಿಮ್ಮ ಹತ್ತಿರ ಹಳೆಯ ಲೀಡ್ ಏನಾದರೂ ಇದೆಯಾ?" ಎಂದೆ.

"ಇರಬೇಕು ಕಣಪ್ಪಾ. ಯಾರಿಗೆ?"

"ನಮ್ಮ ಮಾವನಿಗೆ. ಮನೆಯೊಳಗೆ ಹಿಡಿದಿಡೋಕೆ ಆಗ್ತಿಲ್ಲ. ಬಾಗಿಲು ತೆಗೆದರೆ ಏರ್‌ಪೋರ್ಟ್ ಕಡೆ ಹೋಗಿಬಿಡ್ತಾರೆ."

ಅಜ್ಜಿ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ಎಷ್ಟು ಉದ್ದದ್ದು ಬೇಕು?"

"ಉದ್ದ ಹೇಗಿದ್ದರೂ ನಡೆಯುತ್ತೆ. ಮೆತ್ತಗಿರಬೇಕು. ಅವರು ಹಲ್ಲಲ್ಲಿ ಕಚ್ಚುತ್ತಾರೆ."

ಸೀಸದ ಗುಂಡನ್ನು ಹಲ್ಲಲ್ಲಿ ಕಚ್ಚಿ ದಾರಕ್ಕೆ ಬಿಗಿಯುವುದು ಮಾವನ ಕ್ರಮ. ಅದನ್ನು ವಿವರಿಸುವ ಮೊದಲೇ ಅಜ್ಜಿ ಒಳಗೆ ಹೋಗಿದ್ದರು. ಸಂಜೆ ಗೋಡೆಯ ಮೇಲೆ ನಾಯಿಯ ಕೆಂಪು ಹಗ್ಗವೊಂದು, ಕೊರಳಪಟ್ಟಿ ಸಮೇತ, ತೊಳೆದು ಒಣಗಿಸಿ ಇಟ್ಟಿತ್ತು.

ಹೆಂಡತಿ ವಿವರಿಸಿದಳು: ಬರೆಯುವುದು ಒಂದೇ ರೀತಿ. ಲೋಹವಾದರೆ ಲೆಡ್ ಅನ್ನಬೇಕು. ಲೀಡ್ ಅಂದರೆ ನಾಯಿ ಕಟ್ಟುವುದು.

ಅಂದಿನಿಂದ ಮಾವ ಹಿತ್ತಲಿಗೆ ಬಂದಾಗಲೆಲ್ಲ ಅಜ್ಜಿ ಗೋಡೆಯ ಮೇಲೆ ಒಂದು ಬಿಸ್ಕತ್ತು ಇಡತೊಡಗಿದರು.

೩. ಟಣ್

ಮಾವ ಆ ವಾರ ಎರಡು ಸಲ ಗೇಟು ದಾಟಿದರು. ಒಂದು ಸಲ ರೌಂಡ್‌ಅಬೌಟ್‌ವರೆಗೂ ಹೋಗಿದ್ದರು.

ಅಷ್ಟರಲ್ಲಿ ಟೈರ್ ಅಂಗಡಿಯವನೊಬ್ಬ ದೊರೆತ. ಚಕ್ರದ ತೂಕ ಸರಿಮಾಡಲು ಅಂಚಿಗೆ ಸಿಕ್ಕಿಸುವ ಹಳೆಯ ತುಂಡುಗಳು ಒಂದು ಬಕೆಟ್ ತುಂಬ ಇದ್ದವು. "ಎಲ್ಲಾ ಲೆಡ್ಡೇ. ತಗೊಂಡು ಹೋಗಿ, ಗ್ರ್ಯಾಂಡ್" ಎಂದ. ಇಲ್ಲಿ ಗ್ರ್ಯಾಂಡ್ ಅಂದರೆ ಪರವಾಗಿಲ್ಲ ಎಂದಷ್ಟೇ. ಪುಕ್ಕಟೆ. ಲೆಡ್ ಎಂದು ಬೇರೆ ಸರಿಯಾಗಿ ಹೇಳಿದ. ನಂಬದಿರಲು ಕಾರಣವಿರಲಿಲ್ಲ.

ಸೀಸದ ಹೊಗೆ ವಿಷವಾದ್ದರಿಂದ ಅಡುಗೆಮನೆಗೆ ಪ್ರವೇಶ ಸಿಗಲಿಲ್ಲ. ಹಿತ್ತಲಲ್ಲಿ ಕ್ಯಾಂಪಿಂಗ್ ಸ್ಟೌ ಹೂಡಿ, ಹಳೆಯ ಕಬ್ಬಿಣದ ಬಾಣಲೆಯಿಟ್ಟು, ಮಾಸ್ಕ್ ಹಾಕಿ, ಇಬ್ಬರೂ ಕಾದೆವು. ಒಂದು ಗಂಟೆ ಕಳೆಯಿತು. ಬಾಣಲೆ ಕೆಂಪಾಯಿತು. ಅದಕ್ಕೆ ಹಾಕಿದ್ದ ಒಂದು ಹಿಡಿ ತುಂಡುಗಳು ಇದ್ದಂತೆಯೇ ಇದ್ದವು.

ಮಾವ ಬಕೆಟಿನಿಂದ ಒಂದನ್ನು ಎತ್ತಿ ಕಲ್ಲಿಗೆ ಬಡಿದರು. ಟಣ್ ಎಂದಿತು.

"ಸೀಸ ಟಣ್ ಹೇಳುದಿಲ್ಲ ಮಾರಾಯ್ರೆ, ಧೊಪ್ ಹೇಳ್ತದೆ. ಇದು ಕಬ್ಬಿಣ."

"ಮೊದಲೇ ಬಡಿದು ನೋಡಬಹುದಿತ್ತಲ್ಲ ಮಾವ?"

"ನೀವು ಇಂಜಿನಿಯರು. ಎಂತದೋ ಯೋಚನೆ ಇರ್ಬಹುದು ಅಂತ ಸುಮ್ನಿದ್ದೆ."

ವಿಚಾರಿಸಿದಾಗ ತಿಳಿಯಿತು: ಕಾರಿನ ಚಕ್ರಕ್ಕೆ ಸೀಸ ಸಿಕ್ಕಿಸುವುದನ್ನು ಯುರೋಪ್ ಎಂದೋ ನಿಲ್ಲಿಸಿದೆ. ಬಕೆಟ್ಟಿನಲ್ಲಿ ಕಬ್ಬಿಣ ಇತ್ತು, ಸತು ಇತ್ತು, ಧೊಪ್ ಎಂದದ್ದು ಐದೇ ತುಂಡು. ಉಳಿದದ್ದನ್ನು ಹಿಂದಿರುಗಿಸಲು ಹೋದೆ. ಟೈರ್ ಅಂಗಡಿಯವನು ಕೈ ಅಡ್ಡ ಹಿಡಿದ. "ಸಾರಿ. ಕೋವಿಡ್ ಇರೋದ್ರಿಂದ ವಾಪಸ್ ತಗೊಳ್ತಿಲ್ಲ."

೪. ತಂತಿ ಭಾಷೆ

ಕೊನೆಗೆ ಸೀಸ ಸಿಕ್ಕಿತು. ಚಾವಣಿ ರಿಪೇರಿ ಮಾಡುವವನೊಬ್ಬ ಹಳೆಯ ಮನೆಯ ಹೊಗೆಕೊಳವೆಯ ಬುಡದಿಂದ ಕಿತ್ತ ಸೀಸದ ಹಾಳೆಯನ್ನು ಸುರುಳಿ ಸುತ್ತಿ ಕೊಟ್ಟ. ಅಷ್ಟೊತ್ತಿಗೆ ಎಪ್ಪತ್ತು ದಾಟಿದವರೂ ಐದು ಕಿಲೋಮೀಟರ್ ಒಳಗೆ ಕಾರಿನಲ್ಲಿ ಹೋಗಿಬರಬಹುದೆಂದು ಸರ್ಕಾರ ಹೇಳಿತ್ತು. ಮಾವ ಜೊತೆಗೆ ಬಂದು, ಬಡಿದು, ಧೊಪ್ ಎನ್ನಿಸಿ, ಸುರುಳಿಯನ್ನು ಕಾಲಬುಡದಲ್ಲಿಟ್ಟುಕೊಂಡು ಕೂತರು.

ಹಿಂದಿರುಗುವಾಗ ರಸ್ತೆಯಲ್ಲಿ ಗಾರ್ಡಾ, ಅಂದರೆ ಇಲ್ಲಿನ ಪೊಲೀಸ್, ತಡೆದರು. ಕಿಟಕಿಯಿಂದ ದೂರ ನಿಂತು ಒಳಗೆ ಬಗ್ಗಿ ನೋಡಿದರು.

"ಕಾಲ ಹತ್ತಿರ ಇರೋದೇನು?"

ಇಲ್ಲೊಂದು ವಿಷಯ ತಿಳಿಸಬೇಕು. ಮಾವ ಕೆಲಸದುದ್ದಕ್ಕೂ ಜನರ ತಂತಿ, ಅಂದರೆ ಪದಕ್ಕಿಷ್ಟೆಂದು ದುಡ್ಡು ತೆರಬೇಕಾದ ಟೆಲಿಗ್ರಾಂ, ಬರೆದುಕೊಟ್ಟವರು. ಅವರ ಇಂಗ್ಲಿಷಿನಲ್ಲಿ ಅನಗತ್ಯ ಪದ ಇರುವುದಿಲ್ಲ. ಅಗತ್ಯ ಪದಗಳೂ ಅನೇಕ ಇರುವುದಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಅವರು ಉತ್ತರಿಸಿದ್ದರು.

"ಲೆಡ್, ಸರ್." ಉಚ್ಚಾರಣೆ ನಿರ್ದುಷ್ಟವಾಗಿತ್ತು.

"ಯಾವುದಕ್ಕೆ?"

"ಮೇಕಿಂಗ್ ಬುಲೆಟ್ಸ್."

ಗುಂಡು ಎಂಬುದಕ್ಕೆ ನಿಘಂಟಿನಲ್ಲಿರುವ ಪದ ಅದೇ. ಅವರ ತಪ್ಪಿಲ್ಲ.

"ಎಷ್ಟು?"

"ತ್ರೀ ಹಂಡ್ರೆಡ್. ಅರ್ಜೆಂಟ್."

"ಎಲ್ಲಿ ಮಾಡ್ತೀರಿ?"

"ಸನ್ ಇನ್ ಲಾ ಹೌಸ್" ಎಂದು ಮಾವ ಹೆಮ್ಮೆಯಿಂದ ನನ್ನತ್ತ ಬೆರಳು ತೋರಿಸಿದರು.

"ಸರ್, ಅದು ನೆಟ್‌ಗೆ" ಎಂದು ನಾನು ನಡುವೆ ಬಂದೆ.

"ಇಂಟರ್‌ನೆಟ್? ಇದನ್ನೆಲ್ಲ ಇಂಟರ್‌ನೆಟ್ ನೋಡಿ ಮಾಡ್ತಿದ್ದೀರಾ?"

"ಇಲ್ಲ ಸರ್. ಅಂದರೆ, ಕರಗಿಸೋದನ್ನ ಮಾತ್ರ ಇಂಟರ್‌ನೆಟ್‌ನಲ್ಲಿ ನೋಡಿದೆ."

ಇಬ್ಬರನ್ನೂ ಕೆಳಗಿಳಿಸಿದರು. ಇನ್ನೊಬ್ಬ ಗಾರ್ಡಾ ಕೂಡ ಬಂದರು. ನನ್ನ ವೀಸಾ, ಕೆಲಸ, ಹೆಂಡತಿಗೆ ಏನು ಹೇಳುವುದು ಎಂಬುದೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಹಿಂದೆ ಕಾರುಗಳು ಸಾಲುಗಟ್ಟಿದವು.

"ಬುಲೆಟ್ ಯಾರಿಗೆ?" ಎಂದು ಮೊದಲಿನವರು ಮಾವನನ್ನೇ ಕೇಳಿದರು.

"ಫಿಶ್. ಸಂಡೇ."

ಗಾರ್ಡಾಗಳಿಗೆ ಅರ್ಥವಾಗಲಿಲ್ಲವೆಂದು ಮಾವನಿಗೆ ಅರ್ಥವಾಯಿತು. ಡಿಕ್ಕಿಯಲ್ಲಿದ್ದ ಕಂಬಳಿ ತೆಗೆದರು. ಮಾಸ್ಕ್ ಕೆಳಗೆ ಜಾರಿಸಿ, ಒಂದಂಚನ್ನು ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ತೋಳಿನ ಮೇಲೆ ಹಾಕಿಕೊಂಡು, ಸೊಂಟ ತಿರುಗಿಸಿ ಬೀಸಿದರು. ಕಂಬಳಿ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಂಡು, ರಸ್ತೆಗಿಟ್ಟ ಮೂರು ಕೋನುಗಳನ್ನು ಒಂದೇ ಏಟಿಗೆ ಮುಚ್ಚಿತು.

"ಇನ್ನೊಂದು ಸಲ ಮಾಡಿ" ಎಂದರು ಎರಡನೆಯ ಗಾರ್ಡಾ.

ಮಾವ ಮಾಡಿದರು. ಸಾಲಿನ ಮೊದಲ ಕಾರಿನವರು ಚಪ್ಪಾಳೆ ತಟ್ಟಿದರು. ಗಾರ್ಡಾಗಳಿಬ್ಬರೂ ಪಕ್ಕಕ್ಕೆ ಹೋಗಿ ಗಂಭೀರವಾಗಿ ಚರ್ಚಿಸಿದರು. ಹಿಂದಿರುಗಿದ ಮೇಲೆ ಮುನ್ನೂರು ಬುಲೆಟ್ಟಿನ ವಿಷಯ ಎತ್ತಲೇ ಇಲ್ಲ.

"ಬಲೆಗೆ ಲೈಸೆನ್ಸ್ ಇದೆಯಾ?" ಎಂದು ಕೇಳಿದರು.

ಮಾವ ನನ್ನ ಕಡೆ ತಿರುಗಿದರು. "ಬುಲೆಟ್ಟಿಗೆ ಬೇಡ, ಬಲೆಗೆ ಬೇಕಾ? ಎಂತ ದೇಶ ಮಾರಾಯ್ರೆ ಇದು!"

ಮುನ್ನೂರು ಗುಂಡುಗಳನ್ನು ಒದ್ದೆ ಮರಳಿನಲ್ಲಿ ಹೊಯ್ದು ಬಲೆಗೆ ಕಟ್ಟಲಾಯಿತು. ಲೈಸೆನ್ಸ್ ಇಲ್ಲದ ಕಾರಣ ಅದನ್ನು ಹಿತ್ತಲ ಹುಲ್ಲಿನ ಮೇಲೆ ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಬೀಸಲಾಯಿತು. ಒಮ್ಮೆ ಒಂದು ಬೆಕ್ಕು ಸಿಕ್ಕಿತು, ಬಿಟ್ಟುಬಿಡಲಾಯಿತು. ಊರಿಗೆ ವಿಮಾನ ಶುರುವಾದಾಗ ಮಾವ ಎರಡನೆಯ ಬಲೆಯ ಅರ್ಧದಲ್ಲಿದ್ದರು. ಟಿಕೆಟ್ಟನ್ನು ಎರಡು ತಿಂಗಳು ಮುಂದಕ್ಕೆ ಹಾಕಲಾಗಿದೆ.