ಮೂವತ್ತು ಸೆಕೆಂಡಿನ ಬೆಳಕಿಗಾಗಿ ಬೀದಿದೀಪ ವಿಭಾಗಕ್ಕೆ ಕೃತಜ್ಞತೆಗಳು

ಬೀದಿದೀಪ ವಿಭಾಗದ ಮುಖ್ಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕಚೇರಿಯ ಟ್ಯೂಬ್‌ಲೈಟುಗಳು ಸದಾ ಚೆನ್ನಾಗಿ ಉರಿಯುತ್ತಿರಲಿ, ತಮ್ಮ ಮೇಜಿನ ಮೇಲೆ ಎಂದೂ ಕತ್ತಲೆ ಕವಿಯದಿರಲಿ ಎಂಬ ಹಾರೈಕೆಯೊಂದಿಗೆ ಈ ಪತ್ರ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದ ಮೂರು ಪತ್ರಗಳನ್ನು ತಾವು ಫೈಲಿನೊಳಗೆ ಬೆಚ್ಚಗೆ ಮಲಗಿಸಿರುವುದರಿಂದ, ಅವುಗಳ ನಿದ್ದೆ ಕೆಡಿಸುವುದು ಬೇಡವೆಂದು ನಾಲ್ಕನೆಯದನ್ನು ಎಲ್ಲರೂ ಓದುವ ಹಾಗೆ ಪತ್ರಿಕೆಗೆ ಕೊಟ್ಟಿದ್ದೇನೆ. ನಾನು ಕನ್ನಡಕದ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವನು. ನಾಲ್ಕು ಜನರಿಗೆ ಕಣ್ಣು ಕಾಣಿಸುವುದೇ ನನ್ನ ಹೊಟ್ಟೆಪಾಡು. ಹಾಗಿದ್ದೂ ತಮಗೆ ಎದ್ದು ಕಾಣುವ ಬೆಳಕು ನನಗೆ ಕಾಣದೆ ಹೋದದ್ದಕ್ಕೆ ಮೊದಲಿಗೇ ಕ್ಷಮೆ ಕೇಳುತ್ತೇನೆ.

ವಿಷಯ ತಮಗೆ ಗೊತ್ತಿರುವುದೇ, ಆದರೂ ಓದುಗರಿಗಾಗಿ ಹೇಳಬೇಕು. ಬಸ್ ನಿಲ್ದಾಣದಿಂದ ನಮ್ಮ ಮನೆಗೆ ಮರದ ಗೋದಾಮಿನ ಹಿಂದಿನ ತಿರುವು ದಾಟಿ ಇನ್ನೂರ ನಲವತ್ತು ಹೆಜ್ಜೆ. ಆ ತಿರುವಿನ ನಾಲ್ಕು ಕಂಬಗಳ ದೀಪಗಳು ಹನ್ನೊಂದು ತಿಂಗಳಿಂದ ವಿಶ್ರಾಂತಿಯಲ್ಲಿವೆ. ನನ್ನ ಅಕ್ಕ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ. ಎರಡನೇ ಪಾಳಿ ಮುಗಿಸಿ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಬಸ್ಸಿನಿಂದ ಇಳಿಯುತ್ತಾಳೆ. ದೀಪ ಕೆಟ್ಟ ಎರಡನೇ ತಿಂಗಳಲ್ಲಿ, ಎದುರಿಗೆ ಬಂದ ಬೈಕಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದವಳು ಚಪ್ಪಡಿ ಇಲ್ಲದ ಚರಂಡಿಗೆ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಹಸುಗೂಸುಗಳೂ ಅಳದ ಹಾಗೆ ಸೂಜಿ ಚುಚ್ಚುತ್ತಾಳೆಂದು ಹೆಸರಾದ ಕೈ ಅದು. ಮೂಳೆ ಕೂಡಿದೆ, ಅವಳು ಕೆಲಸಕ್ಕೂ ಮರಳಿದ್ದಾಳೆ. ಆದರೆ ಇನ್ನೊಮ್ಮೆ ಅದೇ ಕೈಗೆ ಪೆಟ್ಟಾದರೆ ಸೂಜಿ ಹಿಡಿಯುವುದನ್ನು ಮರೆತುಬಿಡಬೇಕೆಂದು ವೈದ್ಯರು ಎಚ್ಚರಿಸಿದ್ದಾರೆ. ನನ್ನ ಅಂಗಡಿ ಮುಚ್ಚುವುದು ಹತ್ತಕ್ಕಾದ್ದರಿಂದ ಅವಳನ್ನು ಕರೆತರಲು ನನ್ನಿಂದಾಗದು. ಟಾರ್ಚ್ ಹಿಡಿದೇ ಬರುತ್ತಾಳೆ, ಆದರೆ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಟಾರ್ಚ್ ಆದಮೇಲೆ ಎಡವಿದರೆ ಹಿಡಿದುಕೊಳ್ಳಲು ಮೂರನೇ ಕೈ ಇರುವುದಿಲ್ಲ.

ನಾನು ದೂರು ಕೊಟ್ಟಾಗ ತಮ್ಮ ಕಚೇರಿ ಬಹಳ ಸೌಜನ್ಯದಿಂದ, ಕತ್ತಲೆ ಇರುವುದಕ್ಕೆ ಛಾಯಾಚಿತ್ರದ ಸಾಕ್ಷ್ಯ ಲಗತ್ತಿಸಬೇಕೆಂದು ತಿಳಿಸಿತು. ಅದೇ ರಾತ್ರಿ ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದೆ. ಅಂಚಿನಿಂದ ಅಂಚಿಗೆ ಕಪ್ಪು, ಅಷ್ಟೇ. ಮೂರು ವಾರಗಳ ಪರಿಶೀಲನೆಯ ನಂತರ ತಮ್ಮಿಂದ ಉತ್ತರ ಬಂತು: ಚಿತ್ರದಲ್ಲಿ ಏನೂ ಕಾಣುತ್ತಿಲ್ಲ, ಸ್ಪಷ್ಟವಾದ ಚಿತ್ರ ಸಲ್ಲಿಸತಕ್ಕದ್ದು. ಏನೂ ಕಾಣುತ್ತಿಲ್ಲವೆಂಬುದೇ ನನ್ನ ದೂರು ಎಂದು ಬರೆಯಲು ಪೆನ್ನು ಎತ್ತಿದ್ದೆ. ಆದರೆ ದೊಡ್ಡವರೊಂದಿಗೆ ವಾದಕ್ಕಿಳಿಯಬಾರದೆಂದು ಸುಮ್ಮನಾದೆ.

ತಮ್ಮ ಆಜ್ಞೆಯನ್ನು ತಲೆಯ ಮೇಲೆ ಹೊತ್ತು, ಚಿಕ್ಕಪ್ಪನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಕ್ಯಾಮೆರಾ ಕೇಳಿ ತಂದು, ರಾತ್ರಿ ರಸ್ತೆಯ ಚಿತ್ರ ತೆಗೆಯುವುದನ್ನು ಕಲಿಯಲು ಭಾನುವಾರದ ಬಳಗವೊಂದಕ್ಕೆ ಸೇರಿದೆ. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಎಂಟು ಹತ್ತು ಮಂದಿ ಹವ್ಯಾಸಿಗಳು ಸೇರಿ, ಒಬ್ಬರ ಚಿತ್ರವನ್ನು ಗೋಡೆಯ ಪರದೆಯ ಮೇಲೆ ಹಾಕಿ, ಉಳಿದವರೆಲ್ಲ ತಪ್ಪು ಒಪ್ಪು ಹೇಳುತ್ತಾರೆ. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಚಿತ್ರ ತೆಗೆದವರು ತುಟಿ ಬಿಚ್ಚುವಂತಿಲ್ಲ, ಚಿತ್ರವೇ ಮಾತಾಡಬೇಕು. ಹೀಗಾಗಿ ಈ ಚಿತ್ರ ಯಾತಕ್ಕೆ ಬೇಕು, ಇದು ಯಾರು ಬಿದ್ದ ಜಾಗ ಎಂದು ಹೇಳಲು ಮೊದಲ ಭಾನುವಾರ ಬಾಯಿ ತೆರೆದ ನನ್ನನ್ನು ಹತ್ತೂ ಜನ ಒಟ್ಟಿಗೆ ಕೈ ಎತ್ತಿ ಸುಮ್ಮನಾಗಿಸಿದರು.

ಆಮೇಲಿನ ಹದಿನಾಲ್ಕು ಭಾನುವಾರಗಳು ನನ್ನ ಬಾಳಿನ ಸುವರ್ಣಕಾಲ. ಭೂಮಾಪನ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಯಾರ ಚಿತ್ರ ನೋಡಿದರೂ ರಸ್ತೆ ಎಡಕ್ಕೆ ವಾಲಿದೆ ಎನ್ನುವುದರಿಂದ ಅವರಿಗೆ ಮಟ್ಟದ ಮಾವ ಎಂದೇ ಹೆಸರು. ಕೈ ನಡುಗಿದೆ, ಮೂರು ಕಾಲಿನ ಸ್ಟ್ಯಾಂಡ್ ಇಲ್ಲದೆ ರಾತ್ರಿ ಚಿತ್ರ ತೆಗೆಯುವುದೆಂದರೆ ಹುಡುಗಾಟವೇ ಎಂದು ಅವರು ಗದರಿದರು, ಸ್ಟ್ಯಾಂಡ್ ಬಂತು. ಬೆಳಕು ಕಡಿಮೆಯಾಯಿತು, ಶಟರನ್ನು ಮೂವತ್ತು ಸೆಕೆಂಡು ತೆರೆದಿಡಿ, ಸಿಕ್ಕಷ್ಟು ಬೆಳಕನ್ನು ಕ್ಯಾಮೆರಾ ಕೂಡಿಸಿಕೊಳ್ಳುತ್ತದೆ ಎಂದು ಒಬ್ಬ ದಂತವೈದ್ಯರು ಹೇಳಿಕೊಟ್ಟರು. ಚಂದ್ರನ ಬೆಳಕು, ದೂರದ ಕಿಟಕಿಗಳ ಬೆಳಕು ಎಲ್ಲವೂ ಬಂದು ನನ್ನ ರಸ್ತೆಯ ಮೇಲೆ ಕುಳಿತವು. ಉರಿಯದ ಆ ನಾಲ್ಕು ಕಂಬಗಳು ಚಿತ್ರದ ಅಂದ ಕೆಡಿಸುತ್ತಿವೆ, ಕತ್ತರಿಸಿ ತೆಗೆಯಿರಿ ಎಂದವರೂ ಅವರೇ. ಕೆಟ್ಟದ್ದನ್ನು ಕಿತ್ತೇ ರೂಢಿಯಾದ ಕೈ ಅವರದು. ಬೇಕರಿ ನಡೆಸುವ ಒಬ್ಬ ಹೆಂಗಸು, ಚಪ್ಪಡಿ ಇಲ್ಲದ ಆ ಗುಂಡಿಯಲ್ಲಿ ನೀರು ನಿಂತಾಗ ಅದನ್ನೇ ಮುಂದಿಟ್ಟು ತೆಗೆಯಿರಿ, ಆಕಾಶ ಅದರಲ್ಲಿ ಕನ್ನಡಿಯಂತೆ ಕಾಣುತ್ತದೆ ಎಂದರು. ಲಾರಿಯೊಂದು ತಿರುವು ದಾಟುವಾಗ ತೆಗೆದರೆ ಅದರ ದೀಪಗಳು ಚಿನ್ನದ ಎಳೆಯಂತೆ ಮೂಡುತ್ತವೆ ಎಂದು ಮತ್ತೊಬ್ಬರು ಸೂಚಿಸಿದರು. ನಾನು ತುಟಿ ಬಿಗಿದು ಎಲ್ಲವನ್ನೂ ಬರೆದುಕೊಂಡೆ, ಎಲ್ಲವನ್ನೂ ಮಾಡಿದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಹದಿನಾಲ್ಕನೆಯ ಭಾನುವಾರ ನನ್ನ ಚಿತ್ರ ಪರದೆಯ ಮೇಲೆ ಬಿದ್ದಾಗ ಕೋಣೆಯಲ್ಲಿ ಯಾರೂ ತಪ್ಪು ಹೇಳಲಿಲ್ಲ, ಮಟ್ಟದ ಮಾವನವರೂ ತಲೆದೂಗಿದರು, ಚಪ್ಪಾಳೆ ಬಿತ್ತು. ಉಬ್ಬಿಹೋದೆ. ಇಷ್ಟು ವರ್ಷ ಬೇರೆಯವರ ಮೂಗಿನ ಮೇಲೆ ಗಾಜು ಕೂರಿಸಿದ್ದೇ ಆಯಿತು, ನನಗೂ ಒಂದು ನೋಟವಿದೆ ಎಂದು ಜನ ಮೆಚ್ಚಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಆ ಚಿತ್ರವನ್ನೇ ತಮ್ಮ ಕಚೇರಿಗೆ ಸಾಕ್ಷ್ಯವೆಂದು ಕಳುಹಿಸಿದೆ. ಯಾತಕ್ಕಾಗಿ ಕ್ಯಾಮೆರಾ ಹಿಡಿದೆ ಎಂಬುದು ಆ ಹೊತ್ತಿನಲ್ಲಿ ತಲೆಗೆ ಹೊಳೆಯಲೇ ಇಲ್ಲ.

ತಮ್ಮ ಉತ್ತರ ಈ ಬಾರಿ ಮೂರೇ ದಿನದಲ್ಲಿ ಬಂತು. ಸದರಿ ಸ್ಥಳದಲ್ಲಿ ಸಾಕಷ್ಟು ಬೆಳಕಿರುವುದು ಅರ್ಜಿದಾರರೇ ಸಲ್ಲಿಸಿದ ಚಿತ್ರದಿಂದ ದೃಢಪಟ್ಟಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ ಎಂದು ಬರೆದು, ಕೆಳಗೆ ಮುದ್ರೆಯನ್ನೂ ಒತ್ತಿದ್ದಿರಿ. ಪತ್ರವನ್ನೂ ಚಿತ್ರವನ್ನೂ ಅಕ್ಕನ ಮುಂದಿಟ್ಟೆ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿ, “ತುಂಬಾ ಚೆನ್ನಾಗಿದೆ ಕಣೋ. ಆದ್ರೆ ನಾನು ಬಿದ್ದಿದ್ದು ಇಲ್ಲಲ್ಲ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆದರೂ ತಮ್ಮ ತೀರ್ಮಾನವನ್ನು ಪ್ರಶ್ನಿಸುವ ಧಾರ್ಷ್ಟ್ಯ ನನಗಿಲ್ಲ. ವಿದ್ಯುತ್ತಿಲ್ಲದೆ, ಬಲ್ಬಿಲ್ಲದೆ, ಏಣಿ ಹತ್ತುವ ಒಬ್ಬ ನೌಕರನೂ ಇಲ್ಲದೆ, ಕುರ್ಚಿಯಿಂದ ಏಳದೆಯೇ ಒಂದು ಬೀದಿಯನ್ನು ಬೆಳಗಿಸಿದ ಅಧಿಕಾರಿ ಬೇರೆಲ್ಲಾದರೂ ಇದ್ದಾರೆಯೇ? ತಮ್ಮ ಈ ಸಾಧನೆಯನ್ನು ಜನಸಾಮಾನ್ಯರು ಅನುಭವಿಸುವಂತಾಗಲು ಕೆಲವು ಸಣ್ಣ ಏರ್ಪಾಡುಗಳನ್ನಷ್ಟೇ ಕೋರುತ್ತೇನೆ. ಆ ಬೆಳಕು ಕಾಣಬೇಕಾದರೆ ಕಣ್ಣನ್ನು ಮೂವತ್ತು ಸೆಕೆಂಡು ಮಿಟುಕಿಸದೆ ತೆರೆದಿಡಬೇಕಾದ್ದರಿಂದ, ಪಾದಚಾರಿಗಳು ಹೆಜ್ಜೆಗೊಮ್ಮೆ ಅಷ್ಟು ಹೊತ್ತು ನಿಂತು ಮುಂದುವರಿಯಬೇಕೆಂದು ಸುತ್ತೋಲೆ ಹೊರಡಿಸಬೇಕು. ಲೆಕ್ಕ ಹಾಕಿದ್ದೇನೆ, ಅಕ್ಕ ಎರಡೇ ಗಂಟೆಯಲ್ಲಿ, ಹನ್ನೆರಡು ಹೊಡೆಯುವ ಮುಂಚೆಯೇ ಮನೆ ಮುಟ್ಟುತ್ತಾಳೆ. ಎದುರು ಬರುವ ಬೈಕುಗಳೂ ಅಲ್ಲಿಯವರೆಗೆ ನಿಂತಲ್ಲೇ ನಿಂತಿರಲು ಅಪ್ಪಣೆಯಾಗಬೇಕು. ಚಂದ್ರನು ತಿಂಗಳಿಗೆ ಹದಿನೈದು ದಿನ ಕೆಲಸ ತಪ್ಪಿಸಿಕೊಳ್ಳುವುದನ್ನು ಗಂಭೀರವಾಗಿ ಪರಿಗಣಿಸಿ ಅವನಿಗೊಂದು ನೋಟಿಸು ಕೊಡಬೇಕು. ಇದು ಯಾವುದೂ ಆಗದಿದ್ದರೆ ರೆಪ್ಪೆ ಬಡಿಯದ ಕಣ್ಣುಗಳನ್ನಾದರೂ ಇಲಾಖೆಯಿಂದ ಮಂಜೂರು ಮಾಡಿ. ಕೂರಿಸುವ ಕೆಲಸ ನಾನು ಮಾಡಿಕೊಡುತ್ತೇನೆ.

ಕೊನೆಯದಾಗಿ ಒಂದು ವರದಿ. ಕಳೆದ ಭಾನುವಾರ ನಾನು ಬಳಗದ ನಿಯಮ ಮುರಿದು ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಆಮೇಲೆ ಮಟ್ಟದ ಮಾವನವರು ಅಕ್ಕನ ಕೈ ಈಗ ಹೇಗಿದೆ ಎಂದು ಕೇಳಿದರು. ದಂತವೈದ್ಯರು ತಲೆ ಎತ್ತಲಿಲ್ಲ. ಅಂದು ರಾತ್ರಿ ಎಲ್ಲರೂ ತಮ್ಮ ತಮ್ಮ ಕ್ಯಾಮೆರಾ ಹಿಡಿದು ತಿರುವಿಗೆ ಬಂದರು. ಮನುಷ್ಯರ ಕಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟೇ ಕಾಣುವ ಹಾಗೆ, ಆ ನಾಲ್ಕು ಕಂಬಗಳನ್ನು ಮರಳಿ ಚೌಕಟ್ಟಿನೊಳಗೆ ಸೇರಿಸಿ ಚಿತ್ರ ತೆಗೆದರು. ಹತ್ತು ಮಂದಿಯ ಹತ್ತು ಕಪ್ಪು ಚಿತ್ರಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಇವುಗಳಲ್ಲಿ ಏನೂ ಕಾಣುತ್ತಿಲ್ಲವೆಂದು ತಾವು ಮತ್ತೆ ಬರೆಯುವುದಾದರೆ, ದಯವಿಟ್ಟು ಮುದ್ರೆ ಒತ್ತಿಯೇ ಬರೆಯಿರಿ. ಈ ಸಲ ಅದೇ ನಮಗೆ ಬೇಕಾಗಿರುವ ಸಾಕ್ಷ್ಯ.

ಇಂತಿ, ದೂರು ಮುಗಿದರೂ ಮುಗಿಯದ
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯ ಗಾಜು ಉಜ್ಜುವವನು

ಬರೆಯಲು ಮರೆತದ್ದು: ನಿನ್ನೆ ತಮ್ಮ ಗುಮಾಸ್ತರು ಫೋನ್ ಮಾಡಿ, ನನ್ನ ಆ ಹೊಳೆಯುವ ಚಿತ್ರವನ್ನು ವಿಭಾಗದ ವಾರ್ಷಿಕ ವರದಿಯ ಮುಖಪುಟಕ್ಕೆ ತಾವು ಆರಿಸಿರುವುದಾಗಿಯೂ ದೊಡ್ಡ ಪ್ರತಿ ಬೇಕೆಂದೂ ತಿಳಿಸಿದರು. ಧಾರಾಳವಾಗಿ ಕೊಡುತ್ತೇನೆ, ಆದರೆ ತಮ್ಮ ಕೈಗೇ ಕೊಡಬೇಕೆಂಬ ಆಸೆ. ಮುಂದಿನ ಸೋಮವಾರ ಅಂಗಡಿಗೆ ರಜೆ ಹಾಕಿ, ರಾತ್ರಿ ಒಂಬತ್ತೂ ಮುಕ್ಕಾಲಿಗೆ ಚಿತ್ರ ಹಿಡಿದು ಗೋದಾಮಿನ ಹಿಂದಿನ ತಿರುವಿನಲ್ಲಿ ನಿಂತಿರುತ್ತೇನೆ. ತಾವು ಬಸ್ಸಿನಲ್ಲೇ ಬಂದಿಳಿದು, ಟಾರ್ಚಿಲ್ಲದೆ ನಡೆದು ಬನ್ನಿ. ನಾನೆಲ್ಲಿದ್ದೇನೆಂದು ಕಾಣದಿದ್ದರೆ ಗಾಬರಿಯಾಗಬೇಡಿ, ಅದೇ ಬಸ್ಸಿನಿಂದ ಅಕ್ಕನೂ ಇಳಿಯುತ್ತಾಳೆ, ದಾರಿ ಅವಳಿಗೆ ಹೆಜ್ಜೆ ಹೆಜ್ಜೆಯೂ ಗೊತ್ತು. ಅವಳ ಕೈ ಹಿಡಿದುಕೊಂಡು ಬನ್ನಿ. ಎಡಗೈ ಹಿಡಿಯಿರಿ, ಬಲಗೈ ಇನ್ನೂ ನೋಯುತ್ತದೆ.