ಖಾಲಿ ಪುಟಗಳಿಗೆ ಅಡ್ಡಗೆರೆ

ಈ ಬೇಸಿಗೆಯಲ್ಲಿ ಹೆಂಡತಿಗೆ ಸಮುದ್ರ ತೋರಿಸಿಯೇ ತೀರುತ್ತೇನೆ, ಅದೂ ಗೋವಾದ ಸಮುದ್ರವಲ್ಲ, ಪರದೇಶದ್ದು! ಹೀಗೆಂದು ನಾನು, ದೇವದುರ್ಗದ ಸರ್ಕಾರಿ ಕಚೇರಿಯೊಂದರ ಹಿರಿಯ ಗುಮಾಸ್ತ ಪ್ರಭುರಾಜ, ರಾಯಚೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ಘೋಷಿಸಿದೆ.

"ಥಾಯ್ಲೆಂಡಿಗೆ ವೀಸಾನೇ ಬ್ಯಾಡಂತ, ಚಂದ್ರಕಲಾ! ಮಾನ್ವಿ ಬಸ್ ಹತ್ತಿದಂಗ ವಿಮಾನ ಹತ್ತೋದು, ಹೋಗೋದು!"

ಚಂದ್ರಕಲಾ ಮಾನ್ವಿಯವಳು. ಅವಳು ಕಂಡ ದೊಡ್ಡ ನೀರೆಂದರೆ ಅಲ್ಲಿನ ಕಾಲುವೆಯದು. "ಆಚಿ ದಂಡಿ ಕಾಣದ ನೀರು ಒಮ್ಮೆ ನೋಡಬೇಕ್ರೀ" ಎಂದು ಮದುವೆಯಾದ ವಾರವೇ ಕೇಳಿದ್ದಳು. ಇಪ್ಪತ್ತೆರಡು ವರ್ಷ ಆ ಅರ್ಜಿ ನನ್ನಲ್ಲಿ 'ಪರಿಶೀಲನೆಯಲ್ಲಿತ್ತು'.

ಮಾಳಿಗೆಯ ಘೋಷಣೆಯಾದಂದಿನಿಂದ ಇಬ್ಬರೂ ನೆಲದ ಮೇಲಿರಲಿಲ್ಲ. ದಿನಾ ಕಚೇರಿಗೆ ಹೋಗುವ ಬಸ್ಸು ಕಲ್ಮಲ ದಾಟಿದರೆ ಸಾಕು, ಭತ್ತದ ಗದ್ದೆಗಳೆಲ್ಲ ಹಸಿರು ಅಲೆಗಳಾಗಿ ನನ್ನ ಕಿಟಕಿಯವರೆಗೆ ಬಂದು ಮರಳುತ್ತಿದ್ದವು. "ಸಾರ್, ದೇವದುರ್ಗ ಬಂತ್ರೀ, ಇಳೀರಿ!" ಎಂದು ಕಂಡಕ್ಟರ್ ಭುಜ ಅಲುಗಾಡಿಸುವವರೆಗೂ ನಾನು ತೇಲುತ್ತಲೇ ಇದ್ದೆ. ಮನೆಯಲ್ಲಿ ಚಂದ್ರಕಲಾ ಗೋಡೆ ನೋಡುತ್ತ ನಗುತ್ತಿದ್ದಳು. ರೊಟ್ಟಿ ಸೀದು ಕರಕಲಾಗುತ್ತಿತ್ತು. ಅದನ್ನೂ ನಾನು ನಗುನಗುತ್ತಲೇ ತಿಂದೆ!

ಇಬ್ಬರ ಪಾಸ್‌ಪೋರ್ಟ್‌ಗಳೂ ಬಂದವು. ರಾಯಚೂರಿನಿಂದ ಥಾಯ್ಲೆಂಡಿಗೆ ಹೊರಟಿದ್ದ ಹದಿನಾಲ್ಕು ಮಂದಿಯ ತಂಡಕ್ಕೆ ನಾವೂ ಸೇರಿದೆವು. ಹೊರಡುವ ಮುಂಚಿನ ಭಾನುವಾರ ನನ್ನದನ್ನು ಬಿಡಿಸಿ ನೋಡಿದರೆ ಎದೆ ಧಸಕ್ಕೆಂದಿತು. ಪುಟಕ್ಕೆ ಪುಟ ಖಾಲಿ! ಪ್ರತಿ ಪುಟದ ನೆತ್ತಿಯ ಮೇಲೆ 'ವೀಸಾ' ಎಂದಷ್ಟೇ ಅಚ್ಚಾಗಿದೆ. ದಾಖಲೆಯಲ್ಲಿ ಖಾಲಿ ಪುಟ ಬಿಟ್ಟರೆ ಯಾರಾದರೂ ಏನಾದರೂ ಸೇರಿಸಿಬಿಡುತ್ತಾರೆ, ಅದಕ್ಕೆ ಅಡ್ಡಗೆರೆ ಎಳೆದು ಸಹಿ ಹಾಕಬೇಕು. ಇದು ಇಪ್ಪತ್ತಾರು ವರ್ಷ ನಾನು ಪಾಲಿಸಿದ ಧರ್ಮ. ವೀಸಾ ಬೇಡವೆಂದ ಮೇಲೆ ಈ ಪುಟಗಳಾದರೂ ಯಾಕೆ?

ಸ್ಕೇಲು ತೆಗೆದೆ, ಕೆಂಪು ಶಾಯಿ ತೆಗೆದೆ. ಪುಟಪುಟಕ್ಕೂ ಮೂಲೆಯಿಂದ ಮೂಲೆಗೆ ಗೆರೆ. 'ವೀಸಾ ಅಗತ್ಯವಿಲ್ಲ' ಎಂಬ ಷರಾ. ಸಹಿ, ದಿನಾಂಕ. ಕೊನೆಗೆ 'ಪರಿಶೀಲಿಸಲಾಗಿದೆ' ಎಂಬ ರಬ್ಬರ್ ಸೀಲು!

"ಏನ್ ಮಾಡಾಕತ್ತೀರಿ?" ಚಂದ್ರಕಲಾ ಓಡಿ ಬಂದಳು.

"ಬಂದೋಬಸ್ತು!"

"ಗೀಚಬಾರದೇನೋ. ಯಾರನ್ನಾರ ಒಮ್ಮೆ ಕೇಳ್ರಿ."

"ಇಪ್ಪತ್ತಾರು ವರ್ಷದ ಸರ್ವೀಸು ನಂದು! ನಿಂದೂ ತಾ ಇಲ್ಲಿ."

"ನನ್ನದು ಮುಟ್ಟಿದ್ರ ನೋಡ್ರಿ ಮತ್ತ!" ಎಂದವಳೇ ತನ್ನದನ್ನು ಸೀರೆಗಳ ನಡುವೆ ಬಚ್ಚಿಟ್ಟಳು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿದ್ದ ಅಧಿಕಾರಿ ಕಲಬುರಗಿ ಕಡೆಯವರು. ನನ್ನ ಪಾಸ್‌ಪೋರ್ಟಿನ ಒಂದು ಪುಟ ತಿರುವಿದರು. ಇನ್ನೊಂದು ತಿರುವಿದರು. ಏಳನೆಯದಕ್ಕೆ ಪಕ್ಕದವರನ್ನು ಕರೆದು ತೋರಿಸಿದರು.

"ಯಾರ್ ಮಾಡ್ಯಾರ್ರೀ ಇದನ್ನ?"

"ನಾನೇ!" ಎಂದೆ ಎದೆಯುಬ್ಬಿಸಿ.

"ಇದರಾಗ ಏನೂ ಬರಿಯಂಗಿಲ್ರಿ. ಪಾಸ್‌ಪೋರ್ಟ್ ಕೆಟ್ಟುಹೋತು. ಹೊಸಾದು ಮಾಡಿಸ್ಕೊಂಡು ಬರ್ರಿ."

"ವೀಸಾ ಬ್ಯಾಡಲ್ರೀ ಮತ್ತ?"

"ವೀಸಾ ಬ್ಯಾಡ, ಖರೆ. ಹೋಗೋರಿಗೆ, ಬರೋರಿಗೆ ನಾವು ಸೀಲ್ ಒತ್ತಬೇಕಲ್ಲ? ಎಲ್ಲಿ ಒತ್ತಲಿ, ನಿಮ್ಮ ಸಹಿ ಮ್ಯಾಲೇನು?"

ನನ್ನ ಇಪ್ಪತ್ತಾರು ವರ್ಷದ ಸರ್ವೀಸು ಅಲ್ಲೇ ನೆಲಕ್ಕಿಳಿಯಿತು. ಚಂದ್ರಕಲಾ ತನ್ನ ಪಾಸ್‌ಪೋರ್ಟನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಒಂದೇ ಒಂದು ಆಸೆಯನ್ನು ನನ್ನ ಕೈಯಾರೆ ಕೆಡಿಸಿದೆನಲ್ಲ ಎಂದು ನನಗೆ ನಿಜಕ್ಕೂ ನಾಚಿಕೆಯಾಯಿತು.

"ನಡೀ, ಮುಂದಿನ ವರ್ಷ ನೋಡೂಣು" ಎಂದೆ.

ಅವಳು ನನ್ನತ್ತ ತಿರುಗಲೇ ಇಲ್ಲ. "ಸಾಹೇಬ್ರ, ಜೋಡಿಗೆ ಗಂಡ ಇರಲೇಬೇಕಂತ ರೂಲ್ಸ್ ಅದನ್ರೀ?"

"ಇಲ್ಲಮ್ಮಾ."

"ಹಂಗಾರ ನಂದಕ್ಕ ಒತ್ರಿ!"

ಸೀಲು ಬಿತ್ತು. ತಂಡದ ಜೊತೆ ಅವಳು ಹೋದಳು. ತಿರುವಿನಲ್ಲಿ ಒಮ್ಮೆ ಕೈ ಬೀಸಿದಳು. ನಾನು ರಾಯಚೂರಿನ ಬಸ್ಸು ಹಿಡಿದೆ.

ಐದನೆಯ ದಿನ ಸಂಜೆ ವಿಡಿಯೊ ಕಾಲ್ ಬಂತು. ಮೊಣಕಾಲಿನವರೆಗೆ ನೀರಲ್ಲಿ ನಿಂತಿದ್ದಾಳೆ, ಸೆರಗು ಗಾಳಿಗೆ ಹಾರುತ್ತಿದೆ, ಸಣ್ಣ ಹುಡುಗಿಯಂತೆ ನಗುತ್ತಿದ್ದಾಳೆ! ನನ್ನ ಕಣ್ಣು ತುಂಬಿ ಬಂತು.

"ಹೆಂಗದ?" ಎಂದೆ.

"ಮುಗಿಯಂಗೇ ಇಲ್ರೀ" ಎಂದು ಫೋನನ್ನು ನೀರಿನತ್ತ ತಿರುಗಿಸಿದಳು.

"ನಾಡಿದ್ದು ಬರ್ತಿಯಲ್ಲ?"

"ಅದನ್ನೇ ವಿಚಾರ ಮಾಡಾಕತ್ತೀನಿ. ವೀಸಾ ಇಲ್ದೇ ಇನ್ನೂ ಮೂರು ವಾರ ಇರಬಹುದಂತ್ರೀ. ಜ್ವಾಳದ ಹಿಟ್ಟು ಮ್ಯಾಲಿನ ಗೂಡಿನ್ಯಾಗ ಅದ, ರೊಟ್ಟಿ ಬಡಿಯೋದು ಕಲೀರಿ!"