ಮೇಲಧಿಕಾರಿಯ ಮೀನು, ಇಲಾಖೆಯ ನೀರು

ನೀರು ಸರಬರಾಜು ಇಲಾಖೆಯ ಮೇಲಧಿಕಾರಿ ಒಂದು ವಾರ ರಜೆ ಹಾಕಿದಾಗ ತಮ್ಮ ಉಪ್ಪುನೀರಿನ ಮೀನಿನ ತೊಟ್ಟಿಯನ್ನು ನೀರು ಪರೀಕ್ಷಕನ ಮನೆಗೆ ಸಾಗಿಸಿದರು. ಒಳಗೆ ಕಿತ್ತಳೆ ಬಣ್ಣದ ಎರಡು ಮೀನು. ಪರೀಕ್ಷಕನ ಹೆಸರಿದ್ದ ಬಡ್ತಿ ಪಟ್ಟಿಗೆ ಇನ್ನೂ ಅಧಿಕಾರಿಯ ಸಹಿ ಬಿದ್ದಿರಲಿಲ್ಲ. ಹಾಗಾಗಿ ಒಂಟಿ ಬಾಳಿನ ಪರೀಕ್ಷಕ ಮೀನುಗಳನ್ನು ತೊಟ್ಟಿಲ ಕೂಸಿನಂತೆ ನೋಡಿಕೊಂಡ.

"ನಾನು ವಾಪಸ್ ಬರೋ ದಿನ ಕಾಲು ಭಾಗ ನೀರು ಬದಲಾಯಿಸಿ," ಎಂದಿದ್ದರು ಅಧಿಕಾರಿ. ಆಮೇಲೆ ದನಿ ತಗ್ಗಿಸಿ, "ನಲ್ಲಿ ನೀರು ಮಾತ್ರ ಬೇಡ. ನಾವು ಹಾಕೋ ಕ್ಲೋರಿನ್ ಇವು ತಡ್ಕೊಳಲ್ಲ. ಶೋಧಿಸಿದ ನೀರು ತಂದು ಈ ಸಮುದ್ರದ ಉಪ್ಪು ಬೆರೆಸಿ. ವಿಷಯ ನಮ್ಮಿಬ್ಬರಲ್ಲೇ ಇರಲಿ."

ಆ ದಿನ ಬೆಳಿಗ್ಗೆ ಪರೀಕ್ಷಕ ಅಂಗಡಿಯಿಂದ ಎರಡು ಕ್ಯಾನ್ ನೀರು ಹೊತ್ತು, ತುಂಬು ಬಸುರಿಯಂತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದ. ಕೆಳಮನೆಯ ರೇಡಿಯೋ ಅಜ್ಜಿ ಬಾಗಿಲಲ್ಲೇ ಇದ್ದಳು. ಅವಳ ಕಿವಿಗೆ ಬಿದ್ದದ್ದು ಬೀದಿಗೆಲ್ಲ ಬಿತ್ತರವಾಗುತ್ತಿತ್ತು. ಆ ಹೆಸರು ಸುಮ್ಮನೆ ಬಂದದ್ದಲ್ಲ.

"ಏನಪ್ಪಾ, ದಿನಾ ನಲ್ಲಿ ನೀರು ಚೆನ್ನಾಗಿದೆ ಅಂತ ಸಹಿ ಹಾಕೋನು ನೀನು. ನೀನೇ ಅಂಗಡಿ ನೀರು ತರ್ತೀಯಾ?"

"ಇದು ಕುಡಿಯೋಕಲ್ಲ ಅಜ್ಜಿ."

"ಅಯ್ಯಯ್ಯೋ! ಸ್ನಾನಕ್ಕೂ ಆಗಲ್ವಾ ನಮ್ಮ ನೀರು?"

ಅವನು ಕ್ಯಾನ್ ಕೆಳಗಿಡುವಷ್ಟರಲ್ಲಿ ಸುದ್ದಿ ಬೀದಿ ದಾಟಿತ್ತು. ಎದುರುಮನೆ ಟೈಲರ್ ಕಾಯಿಸಿದ್ದ ಚಹಾ ಚೆಲ್ಲಿದ. ನಿವೃತ್ತ ಮೇಷ್ಟ್ರಿಗೆ ಆಗಿಂದಾಗಲೇ ಹೊಟ್ಟೆನೋವು ಬಂತು. ಹತ್ತು ಗಂಟೆಗೆ ಅಂಗಳದ ತುಂಬ ಜನ. ಅಷ್ಟರಲ್ಲಿ ಅಧಿಕಾರಿಯ ಫೋನೂ ಬಂತು.

"ಏನ್ರೀ ಇದು? ಕಚೇರಿಗೆ ಅರವತ್ತು ದೂರು! ಮೀನಿನ ವಿಷಯ ಬಾಯಿ ಬಿಟ್ರೋ, ನೋಡಿ ಮತ್ತೆ. ಮೊದಲು ಜನರನ್ನ ಸಮಾಧಾನ ಮಾಡಿ. ಸಂಜೆ ನೇರ ನಿಮ್ಮನೆಗೇ ಬರ್ತೀನಿ."

ಪರೀಕ್ಷಕ ಬಾಗಿಲನ್ನೂ ಹಾಕದೆ ಕೆಳಗೆ ಓಡಿದ. ಅಂಗಳದ ನಲ್ಲಿ ತಿರುಗಿಸಿ, ಎಲ್ಲರೆದುರು ಒಂದು ಲೋಟ ನೀರು ಕುಡಿದ.

"ಒಂದು ಲೋಟ ಯಾರು ಬೇಕಾದ್ರೂ ಕುಡೀತಾರೆ," ಎಂದರು ಮೇಷ್ಟ್ರು.

ನಾಲ್ಕು ಕುಡಿದ. ಹೊಟ್ಟೆ ನಗಾರಿಯಾಯಿತು.

"ಸಂಜೆವರೆಗೂ ಇಲ್ಲೇ ಕೂತಿರು," ಟೈಲರ್ ಕುರ್ಚಿ ತಂದಿಟ್ಟ. "ಉಳಿದ್ರೆ ನಂಬ್ತೀವಿ."

ಜನ ಸರದಿಯ ಮೇಲೆ ಬಂದು ಅವನ ನಾಲಿಗೆ, ಕಣ್ಣು ನೋಡಿ ಹೋದರು. ಎದ್ದರೆ ಓಡಿಹೋದ ಎನ್ನುತ್ತಾರೆಂದು ಅವನು ಏಳಲಿಲ್ಲ. ಐದು ಗಂಟೆಯಾದರೂ ಅವನು ಸಾಯದಿದ್ದುದರಿಂದ ಎಲ್ಲರಿಗೂ ನಂಬಿಕೆ ಬಂತು. ಮೇಷ್ಟ್ರು ಕೈಕುಲುಕಿದರು. ಆಗ ಮೇಲಿನಿಂದ ಅಜ್ಜಿ ಖಾಲಿ ಬಕೆಟ್ ಹಿಡಿದು ಇಳಿದು ಬಂದಳು.

"ನಿನ್ನ ಮೇಲೆ ಅನುಮಾನಪಟ್ನಲ್ಲಪ್ಪಾ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅದಕ್ಕೇ ನಿನ್ನ ಮೀನಿನ ತೊಟ್ಟಿ ಖಾಲಿ ಮಾಡಿ ತಾಜಾ ನಲ್ಲಿ ನೀರು ತುಂಬಿಸಿದೀನಿ. ಹಳೇದು ನಾಲಿಗೆಗಿಟ್ಟು ನೋಡ್ದೆ, ಕೆಟ್ಟು ಉಪ್ಪಾಗಿತ್ತು!"

ಪರೀಕ್ಷಕ ಮೆಟ್ಟಿಲು ಹಾರಿದ. ಅಷ್ಟೊತ್ತಿಗೆ ಬಂದಿಳಿದ ಅಧಿಕಾರಿ ಅವನ ಹಿಂದೆ, ಅವರ ಹಿಂದೆ ಇಡೀ ಬೀದಿ. ತೊಟ್ಟಿಯಲ್ಲಿ ಎರಡೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಯಾವ ನೀರು ಹಾಕಿದ್ರಿ?" ಅಧಿಕಾರಿ ಗುಡುಗಿದರು.

"ನಿಮ್ಮ ಇಲಾಖೆ ನೀರೇ ಸ್ವಾಮಿ!" ಬೀದಿಯೆಲ್ಲ ಒಂದೇ ದನಿಯಲ್ಲಿ ಹೇಳಿತು. "ಯಾಕೆ, ಅದೇನಾದ್ರೂ ಕೆಟ್ಟಿದೆಯಾ?"

ಅಧಿಕಾರಿ ಮೀನು ನೋಡಿದರು, ಜನರನ್ನು ನೋಡಿದರು.

"ಛೆ, ಬಂಗಾರದಂಥ ನೀರು," ಎಂದರು. "ಮೀನಿಗೆ ವಯಸ್ಸಾಗಿತ್ತು."

ಆಮೇಲೆ ಪರೀಕ್ಷಕನ ಹೆಗಲ ಮೇಲೆ ಕೈಹಾಕಿ, ಕಿವಿಯಲ್ಲಿ ಮೆಲ್ಲಗೆ ಹೇಳಿದರು: "ಜನರನ್ನ ಚೆನ್ನಾಗಿ ಒಪ್ಪಿಸ್ತೀರಿ. ನಾಳೆಯಿಂದ ದೂರು ವಿಭಾಗದಲ್ಲಿ ಕೂತ್ಕೊಳ್ಳಿ. ನಿವೃತ್ತಿವರೆಗೂ."